ಎರಡು ಕೈ ಕೂಡಿಸಿದ ಕೂಡಲೇ ತಾಳ ತಪ್ಪುತ್ತದೆ, ಹೊಸ ಪುಟ ಓದಲು ಬರುವುದಿಲ್ಲ: ಕರ್ನಾಟಕ ಸಂಗೀತದಿಂದ ಪಿಯಾನೊಗೆ ಬಂದವರು ಏನು ಮಾಡಿದಿರಿ?

ಮೈಸೂರಿನ ವಿದ್ಯಾರ್ಥಿನಿ (ಮೂಲ ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನಗೀಗ 43 ವರ್ಷ. ಚಿಕ್ಕಂದಿನಲ್ಲಿ ಎಂಟು ವರ್ಷ ಹಾಡುಗಾರಿಕೆ ಕಲಿತು, ವರ್ಣಗಳವರೆಗೆ ಬಂದು, ಆಮೇಲೆ ಓದು, ಕೆಲಸ, ಸಂಸಾರಗಳ ನಡುವೆ ಬಿಟ್ಟುಬಿಟ್ಟೆ. ಮೂರು ವರ್ಷಗಳಿಂದ ಪಿಯಾನೊ ಕಲಿಯುತ್ತಿದ್ದೇನೆ. ಮನೆಯಲ್ಲಿರುವುದು 88 ಕೀಗಳ ಡಿಜಿಟಲ್ ಪಿಯಾನೊ, ಕೀಗಳಿಗೆ ತಕ್ಕ ತೂಕವಿದೆ. ಆದ್ದರಿಂದ ವಾದ್ಯದ ಮೇಲೆ ತಪ್ಪು ಹೊರಿಸುವಂತಿಲ್ಲ.

ನನ್ನ ತೊಂದರೆ ಎರಡು. ಬಲಗೈ ಒಂದನ್ನೇ ನುಡಿಸಿದರೆ ಸರಿಯಾಗಿ ಬರುತ್ತದೆ, ಎಡಗೈ ಒಂದನ್ನೇ ನುಡಿಸಿದರೂ ಬರುತ್ತದೆ. ಎರಡನ್ನೂ ಕೂಡಿಸಿದ ಕ್ಷಣದಲ್ಲಿ ಎಡಗೈ ತನ್ನ ಕೆಲಸವನ್ನು ಬಿಟ್ಟು ಬಲಗೈಯ ಹಿಂದೆ ಹೋಗುತ್ತದೆ. ಬಲಗೈ ವೇಗವಾಗಿ ಓಡಿದರೆ ಎಡಗೈಯೂ ಓಡುತ್ತದೆ, ಬಲಗೈ ಜೋರಾಗಿ ಒತ್ತಿದರೆ ಅದೂ ಒತ್ತುತ್ತದೆ.

ಎರಡನೆಯದು ಸೈಟ್ ರೀಡಿಂಗ್, ಅಂದರೆ ಹಿಂದೆ ನೋಡಿರದ ಪುಟವನ್ನು ನೋಡುತ್ತಲೇ ನುಡಿಸುವುದು. ಕಳೆದ ಬಾರಿ ಎಬಿಆರ್‌ಎಸ್‌ಎಂ (ಲಂಡನ್ನಿನ ಸಂಗೀತ ಪರೀಕ್ಷಾ ಮಂಡಳಿ) ಮೂರನೆಯ ಗ್ರೇಡಿನ ಪರೀಕ್ಷೆ ಕಟ್ಟಿದ್ದೆ. 150ಕ್ಕೆ 116 ಬಂದು ಪಾಸಾದೆನಾದರೂ, ಸೈಟ್ ರೀಡಿಂಗ್‌ನ 21 ಅಂಕಗಳಲ್ಲಿ ನನಗೆ ಸಿಕ್ಕಿದ್ದು 10 ಮಾತ್ರ. ಆ ಭಾಗಕ್ಕೆ 14 ಬಂದರೆ ಪಾಸು. ನೋಡಿಕೊಳ್ಳಲು ಅರ್ಧ ನಿಮಿಷ ಕೊಟ್ಟಿದ್ದರು. ಆ ಅರ್ಧ ನಿಮಿಷವೆಲ್ಲ ಮೊದಲನೆಯ ಬಾರಿನ (ಎರಡು ನಿಲುಗೆರೆಗಳ ನಡುವಿನ ಖಂಡದ) ಸ್ವರಗಳನ್ನು ಎಣಿಸುವುದರಲ್ಲೇ ಮುಗಿದುಹೋಯಿತು. ನುಡಿಸಲು ಆರಂಭಿಸಿದ ಮೇಲೆ ಮೂರನೆಯ ಬಾರಿನಲ್ಲಿ ತಪ್ಪಿ, ಹಿಂದಕ್ಕೆ ಹೋಗಿ, ಮತ್ತೆ ತಪ್ಪಿ, ಕೊನೆಗೆ ನಿಂತೇಬಿಟ್ಟೆ.

ಪುಸ್ತಕದಲ್ಲಿ ಪ್ರತಿಯೊಂದು ಸ್ವರದ ಕೆಳಗೂ ಪೆನ್ಸಿಲಿನಿಂದ ಸ, ರಿ, ಗ ಎಂದು ಬರೆದುಕೊಳ್ಳುವ ಅಭ್ಯಾಸ ನನಗಿದೆ ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ. ಹಾಗೆ ಬರೆದುಕೊಂಡರೆ ಎರಡು ದಿನಗಳಲ್ಲಿ ಪಾಠ ಬಾಯಿಗೆ ಬಂದುಬಿಡುತ್ತದೆ. ಇದರಿಂದಲೇ ನನಗೆ ತೊಂದರೆಯಾಗುತ್ತಿದೆಯೇ?

ಪಿಯಾನೊ ಶಿಕ್ಷಕ, ಬೆಂಗಳೂರು

ಮೇಡಂ, ಮೊದಲು ಕೈಗಳ ವಿಷಯ. ಎರಡು ಕೈಗಳೂ ಸ್ವತಂತ್ರವಾಗಬೇಕು ಎಂದು ಎಲ್ಲರೂ ಹೇಳುತ್ತಾರೆ, ನನಗೂ ಹಾಗೆಯೇ ಹೇಳಿಕೊಟ್ಟಿದ್ದರು. ಇಪ್ಪತ್ತು ವರ್ಷ ಪಾಠ ಹೇಳಿದ ಮೇಲೆ ನನಗೆ ಆ ಮಾತಿನಲ್ಲಿ ನಂಬಿಕೆ ಹೋಗಿದೆ. ಎರಡು ಕೈಗಳನ್ನು ಎರಡು ಬೇರೆ ಬೇರೆ ಯಂತ್ರಗಳಂತೆ ಓಡಿಸುವುದು ಯಾರಿಂದಲೂ ಆಗುವುದಿಲ್ಲ. ಚೆನ್ನಾಗಿ ನುಡಿಸುವವರ ಮನಸ್ಸಿನಲ್ಲಿ ಇರುವುದು ಒಂದೇ ಲಯ, ಮತ್ತು ಆ ಲಯದ ಯಾವ ಬಿಂದುವಿನಲ್ಲಿ ಯಾವ ಕೈ ಬೀಳಬೇಕು, ಎಲ್ಲಿ ಎರಡೂ ಕೂಡಬೇಕು ಎಂಬ ಲೆಕ್ಕ.

ನೀವು ಖಂಡಿತ ನುಡಿಸಿರುವ ಒಂದು ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಬಾಖ್ ತನ್ನ ಹೆಂಡತಿ ಅನ್ನಾ ಮಗ್ದಲೇನಾಗೆ 1725ರಲ್ಲಿ ಕೊಟ್ಟ ಪುಸ್ತಕದಲ್ಲಿರುವ ಜಿ ಮೇಜರ್‌ನ ಮಿನುಯೆಟ್ ಎಂಬ ನೃತ್ಯದ ರಚನೆ. (ಅದು ಬಾಖ್‌ನದೆಂದೇ ಬಹುಕಾಲ ನಂಬಲಾಗಿತ್ತು, ರಚನಕಾರ ಕ್ರಿಸ್ಟಿಯಾನ್ ಪೆಟ್ಸೋಲ್ಡ್ ಎಂಬುದು ಈಗ ಗೊತ್ತಾಗಿದೆ.) ಮೂರು ಎಣಿಕೆಯ ಮೊದಲ ಬಾರಿನಲ್ಲಿ ಬಲಗೈ ಒಂದನೆಯ ಎಣಿಕೆಗೆ ಡಿ (ಎಯಿಂದ ಜಿವರೆಗಿನ ಇಂಗ್ಲಿಷ್ ಅಕ್ಷರಗಳೇ ಪಾಶ್ಚಾತ್ಯ ಸ್ವರಗಳ ಹೆಸರು) ನುಡಿಸಿ, ಎರಡನೆಯದಕ್ಕೆ ಜಿ, ಎ, ಮೂರನೆಯದಕ್ಕೆ ಬಿ, ಸಿ ಎಂದು ಹತ್ತುತ್ತದೆ. ಎಡಗೈ ಒಂದನೆಯ ಎಣಿಕೆಗೆ ಜಿ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಒತ್ತಿ ಎರಡು ಎಣಿಕೆ ಹಿಡಿದು, ಮೂರನೆಯದಕ್ಕೆ ಎ ನುಡಿಸುತ್ತದೆ. ಹಾಗಾದರೆ ಇಡೀ ಬಾರಿನಲ್ಲಿ ಕೈಗಳು ಕೂಡುವ ಜಾಗ ಎರಡೇ: ಡಿ ಜೊತೆಗೆ ಕಾರ್ಡ್, ಬಿ ಜೊತೆಗೆ ಎ. ಉಳಿದ ಮೂರು ಸ್ವರಗಳು ಬಲಗೈಯದು ಮಾತ್ರ. ಈ ಎರಡು ಕೂಡುವ ಜಾಗಗಳನ್ನಷ್ಟೇ, ನಡುವಿನದನ್ನೆಲ್ಲ ಬಿಟ್ಟು, ತಾಳಕ್ಕೆ ಸರಿಯಾಗಿ ನಾಲ್ಕೈದು ಬಾರಿ ನುಡಿಸಿ. ಆಮೇಲೆ ಬಿಟ್ಟದ್ದನ್ನು ತುಂಬಿ. ನಿಮ್ಮ ಎಡಗೈ ಓಡುವುದು ಅಲ್ಲಿಗೆ ನಿಲ್ಲುತ್ತದೆ, ಏಕೆಂದರೆ ಅದು ಎಲ್ಲಿ ಕಾಯಬೇಕೆಂಬುದು ಅದಕ್ಕೆ ಗೊತ್ತಾಗಿರುತ್ತದೆ.

ಸ್ಕೇಲುಗಳ (ಸ್ವರಗಳ ಆರೋಹಣ, ಅವರೋಹಣ) ವಿಷಯದಲ್ಲೂ ಇದೇ. ಸಿ ಮೇಜರ್ ಸ್ಕೇಲನ್ನು ಎರಡು ಕೈಗಳಿಂದ ಒಟ್ಟಿಗೆ ಹತ್ತಿಸುವಾಗ (ಹೆಬ್ಬೆರಳು 1, ಕಿರುಬೆರಳು 5) ಬಲಗೈ ಬೆರಳುಗಳು 1-2-3-1-2-3-4-5, ಎಡಗೈ ಬೆರಳುಗಳು 5-4-3-2-1-3-2-1. ಬಲಗೈ ಹೆಬ್ಬೆರಳು ಇ ಆದ ಮೇಲೆ ಒಳಗೆ ನುಸುಳುತ್ತದೆ, ಎಡಗೈಯ ನಡುಬೆರಳು ಜಿ ಆದ ಮೇಲೆ ಹೆಬ್ಬೆರಳನ್ನು ದಾಟುತ್ತದೆ. ಎರಡು ಕೈಗಳು ಬೇರೆ ಬೇರೆ ಕಡೆ ತಿರುಗುವುದರಿಂದ ಎಲ್ಲರಿಗೂ ಅಲ್ಲಿಯೇ ಗೊಂದಲ. ಆದರೆ ಗಮನಿಸಿ ನೋಡಿ: ಇ ಮತ್ತು ಎ ಸ್ವರಗಳಲ್ಲಿ ಎರಡೂ ಕೈಗಳ ನಡುಬೆರಳುಗಳೇ ಒಟ್ಟಿಗೆ ಬೀಳುತ್ತವೆ. ಆ ಎರಡು ಕಂಬಗಳನ್ನು ಹಿಡಿದುಕೊಂಡರೆ ಸ್ಕೇಲು ದಾರಿ ತಪ್ಪುವುದಿಲ್ಲ. ಇನ್ನೂ ಸುಲಭವಾದದ್ದು, ಎರಡು ಹೆಬ್ಬೆರಳುಗಳನ್ನೂ ಒಂದೇ ಸಿ ಮೇಲಿಟ್ಟು ಬಲಗೈ ಮೇಲಕ್ಕೂ ಎಡಗೈ ಕೆಳಕ್ಕೂ ಹೋಗುವ ವಿರುದ್ಧ ದಿಕ್ಕಿನ ಸ್ಕೇಲು. ಅಲ್ಲಿ ಎರಡೂ ಕೈಗಳಿಗೆ 1-2-3-1-2-3-4-5 ಎಂಬ ಒಂದೇ ಕ್ರಮ. ಮೊದಲು ಅದನ್ನು ಕಲಿಸದೆ ಒಂದೇ ದಿಕ್ಕಿನದನ್ನು ಕಲಿಸುವ ರೂಢಿ ಏಕೆ ಉಳಿದುಕೊಂಡಿದೆಯೋ ನನಗಂತೂ ಅರ್ಥವಾಗಿಲ್ಲ.

ಪೆನ್ಸಿಲ್ ವಿಷಯಕ್ಕೆ ಬೇರೆಯವರು ಬರಲಿ. ನಾನು ಆರಂಭಿಸಿದರೆ ನಿಲ್ಲಿಸುವುದಿಲ್ಲ.

ಮೃದಂಗದ ವಿದ್ಯಾರ್ಥಿ, ಶಿವಮೊಗ್ಗ

ಶಿಕ್ಷಕರು ಹೇಳಿದ್ದನ್ನು ನಮ್ಮ ಕಡೆಯಿಂದ ಸಮರ್ಥಿಸುತ್ತೇನೆ. ಮೃದಂಗದಲ್ಲಿ ಎಡಗೈಯ ತೊಪ್ಪಿಗೂ ಬಲಗೈಗೂ ಬೇರೆ ಬೇರೆ ಕೆಲಸವಿದ್ದರೂ ನಾವು ಅವುಗಳನ್ನು ಬೇರೆ ಬೇರೆಯಾಗಿ ಕಲಿಯುವುದಿಲ್ಲ. ಎರಡೂ ಸೇರಿ ಆಗುವ ಸೊಲ್ಲನ್ನು ಬಾಯಲ್ಲಿ ಹೇಳಿ, ಅದನ್ನೇ ಕೈಗೆ ತರುತ್ತೇವೆ. ಬಾಯಿ ಹೇಳಲಾರದ್ದನ್ನು ಕೈ ನುಡಿಸುವುದಿಲ್ಲ.

ಪಿಯಾನೊದವರು ಬಹಳ ಹೆದರುವ ಮೂರಕ್ಕೆ ಎರಡು ಎಂಬ ಲೆಕ್ಕವನ್ನು ನನ್ನ ತಂಗಿಗೆ ನಾನು ಹೀಗೆ ಹೇಳಿಕೊಟ್ಟೆ. ಒಂದು ಎಣಿಕೆಯನ್ನು ಆರು ಮಾತ್ರೆಗಳಾಗಿ ಒಡೆದರೆ, ಮೂರು ನುಡಿಸುವ ಬಲಗೈ 1, 3, 5ರಲ್ಲಿ ಬೀಳುತ್ತದೆ, ಎರಡು ನುಡಿಸುವ ಎಡಗೈ 1 ಮತ್ತು 4ರಲ್ಲಿ ಬೀಳುತ್ತದೆ. ಕೂಡಿಸಿ ನೋಡಿದರೆ ಪೆಟ್ಟುಗಳು 1, 3, 4, 5ರಲ್ಲಿ. ಅಂದರೆ ಮೊದಲು ಎರಡು ಮಾತ್ರೆ, ಆಮೇಲೆ ಒಂದು, ಒಂದು, ಕೊನೆಗೆ ಮತ್ತೆ ಎರಡು: ಗುರು, ಲಘು, ಲಘು, ಗುರು. ಶಾಲೆಯಲ್ಲಿ ಪ್ರಸ್ತಾರ ಹಾಕಿದವರಿಗೆಲ್ಲ ಇದು ಗೊತ್ತಿರುತ್ತದೆ. ಆ ಅಳತೆಗೆ ಸರಿಯಾಗಿ ಕೂರುವ ಕನ್ನಡದ ಮಾತು "ಮಾವಿನಕಾಯ್". "ಮಾ" ಎನ್ನುವಾಗ ಎರಡೂ ಕೈ, "ವಿ" ಬಲ, "ನ" ಎಡ, "ಕಾಯ್" ಬಲ. ತೊಡೆಯ ಮೇಲೆ ತಟ್ಟುತ್ತ ಮಾವಿನಕಾಯ್ ಮಾವಿನಕಾಯ್ ಎಂದು ಐದು ನಿಮಿಷ ಹೇಳಿದ ಮೇಲೆ ಪಿಯಾನೊ ಮುಂದೆ ಕುಳಿತಳು, ಬಂತು.

ಹುಬ್ಬಳ್ಳಿಯ ಒಬ್ಬ ತಾಯಿ

ಮಾವಿನಕಾಯ್ ನಮ್ಮ ಮನೆಯಲ್ಲಿ ಈಗಾಗಲೇ ಆರಂಭವಾಗಿದೆ. ಒಂಬತ್ತು ವರ್ಷದ ಮಗ ಊಟದ ತಟ್ಟೆಯನ್ನೂ ಬಿಡುತ್ತಿಲ್ಲ.

ಚರ್ಚ್ ಆರ್ಗನ್ ನುಡಿಸುವವರು, ಮಂಗಳೂರು

ನಾನು ಮೂವತ್ತು ವರ್ಷಗಳಿಂದ ಭಾನುವಾರದ ಪೂಜೆಗೆ ಕೀರ್ತನೆಗಳನ್ನು ನುಡಿಸುತ್ತಿದ್ದೇನೆ. ಗ್ರೇಡು ಪರೀಕ್ಷೆ ಯಾವುದನ್ನೂ ಕಟ್ಟಿಲ್ಲ, ಆದರೆ ಸೈಟ್ ರೀಡಿಂಗ್ ಬಂದೇ ಬಂದಿದೆ, ಬರದಿದ್ದರೆ ಗತಿಯಿರಲಿಲ್ಲ. ಒಮ್ಮೊಮ್ಮೆ ಪೂಜೆಗೆ ಕಾಲು ಗಂಟೆ ಮೊದಲು ಪುಸ್ತಕದ ಒಂದು ಸಂಖ್ಯೆ ಹೇಳಿ ಹೋಗಿಬಿಡುತ್ತಾರೆ. ಮುನ್ನೂರು ಜನ ಹಾಡುತ್ತಿರುವಾಗ ನಾನು ಮೂರನೆಯ ಬಾರಿನಲ್ಲಿ ತಪ್ಪಿದೆನೆಂದು ಹಿಂದಕ್ಕೆ ಹೋಗಲು ಸಾಧ್ಯವೇ? ಜನ ಮುಂದೆ ಹೋಗಿಬಿಟ್ಟಿರುತ್ತಾರೆ.

ನಮ್ಮ ಕೀರ್ತನೆಗಳಲ್ಲಿ ನಾಲ್ಕು ದನಿಗಳಿರುತ್ತವೆ: ಎರಡು ಮೇಲಿನ ಸಾಲಿನಲ್ಲಿ, ಎರಡು ಕೆಳಗಿನ ಸಾಲಿನಲ್ಲಿ. ನಾಲ್ಕನ್ನೂ ಹಿಡಿಯಲಾಗದ ಕಡೆ ನಡುವಿನ ಎರಡನ್ನು ಬಿಟ್ಟು, ಎಲ್ಲಕ್ಕಿಂತ ಮೇಲಿನ ರಾಗವನ್ನೂ ಎಲ್ಲಕ್ಕಿಂತ ಕೆಳಗಿನ ಬೇಸನ್ನೂ ಹಿಡಿದುಕೊಳ್ಳುತ್ತೇನೆ. ಅದೂ ಆಗದಿದ್ದರೆ ಬೇಸ್ ಮಾತ್ರ, ಏಕೆಂದರೆ ರಾಗವನ್ನು ಜನರೇ ಹಾಡುತ್ತಿರುತ್ತಾರೆ. ಏನನ್ನು ಬಿಟ್ಟರೂ ಎಣಿಕೆಯನ್ನು ಬಿಡುವಂತಿಲ್ಲ.

ಮೂಲ ಪ್ರಶ್ನೆ ಕೇಳಿದವರು ಪರೀಕ್ಷೆಯಲ್ಲಿ ತಪ್ಪು ಸ್ವರಕ್ಕಾಗಿ ಅಂಕ ಕಳೆದುಕೊಂಡದ್ದಕ್ಕಿಂತ ನಿಂತದ್ದಕ್ಕಾಗಿ ಹೆಚ್ಚು ಕಳೆದುಕೊಂಡಿದ್ದಾರೆ ಎಂದು ನನಗನ್ನಿಸುತ್ತದೆ. ಅಭ್ಯಾಸ ಮಾಡುವಾಗ ತಪ್ಪನ್ನು ಅಲ್ಲಿಯೇ ತಿದ್ದಬೇಕು, ಓದುವಾಗ ತಪ್ಪನ್ನು ಅಲ್ಲಿಯೇ ಬಿಟ್ಟು ಹೋಗಬೇಕು. ಇವೆರಡನ್ನು ಒಂದೇ ಹೊತ್ತಿನಲ್ಲಿ ಮಾಡಬಾರದು. ದಿನದಲ್ಲಿ ಬೇರೆ ಬೇರೆ ವೇಳೆ ಇಟ್ಟುಕೊಳ್ಳಿ.

ಇನ್ನೊಂದು ಮಾತು. ಕೈಗಳನ್ನು ತಿಂಗಳುಗಟ್ಟಲೆ ಬೇರೆ ಬೇರೆಯಾಗಿ ನುಡಿಸಿ ಆಮೇಲೆ ಕೂಡಿಸುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಪುಟವನ್ನು ಮೊದಲ ದಿನದಿಂದಲೇ ಕೆಳಗಿನಿಂದ ಮೇಲಕ್ಕೆ ಓದಬೇಕು: ಮೊದಲು ಬೇಸಿನ ಸ್ವರ, ಆಮೇಲೆ ಅದರ ಮೇಲಿರುವುದು. ಬಲಗೈಯಿಂದ ಆರಂಭಿಸಿದವರ ಕಣ್ಣು ಮೇಲಿನ ಸಾಲಿನಲ್ಲೇ ನಿಂತುಬಿಡುತ್ತದೆ.

ಪಿಯಾನೊ ಶಿಕ್ಷಕ, ಬೆಂಗಳೂರು

ಕೊನೆಯ ಮಾತಿಗೆ ನನ್ನ ಅರ್ಧ ಒಪ್ಪಿಗೆ. ಬೆರಳುಗಳು ತೊಡಕಾಗಿರುವ ಬಾರನ್ನು ಒಂದೊಂದೇ ಕೈಯಿಂದ ನುಡಿಸಿ ನೋಡದೆ ಕೂಡಿಸಿದರೆ ತಪ್ಪು ಬೆರಳೇ ಗಟ್ಟಿಯಾಗಿಬಿಡುತ್ತದೆ. ಆದರೆ ಹಾಗೆ ಬೇರೆ ಮಾಡುವುದು ಆ ಒಂದೆರಡು ಬಾರುಗಳಿಗೆ, ಆ ಒಂದು ದಿನಕ್ಕೆ ಮಾತ್ರ. ಕೆಳಗಿನಿಂದ ಮೇಲಕ್ಕೆ ಓದಬೇಕೆಂಬುದನ್ನು ನೂರಕ್ಕೆ ನೂರು ಒಪ್ಪುತ್ತೇನೆ.

ಧಾರವಾಡದ ಓದುಗ

ಯಾರೂ ಪೆನ್ಸಿಲ್ ಬಗ್ಗೆ ಮಾತನಾಡದಿರುವುದರಿಂದ ನಾನೇ ಹೇಳುತ್ತೇನೆ. ಸರಿಗಮ ಬರೆದುಕೊಂಡರೆ ತಪ್ಪೇನು? ಶಂಕರಾಭರಣ ರಾಗವೂ ಮೇಜರ್ ಸ್ಕೇಲೂ ಒಂದೇ ಸ್ವರಸ್ಥಾನಗಳು. ನಮ್ಮ ಭಾಷೆಯಲ್ಲಿ ನಾವು ಬರೆದುಕೊಂಡರೆ ಬೇಗ ಅರ್ಥವಾಗುತ್ತದೆ. ಇಂಗ್ಲಿಷ್ ಅಕ್ಷರಗಳಿಗಿಂತ ಅದು ಕಡಿಮೆಯೇ?

ಪಿಯಾನೊ ಶಿಕ್ಷಕ, ಬೆಂಗಳೂರು

ಕಡಿಮೆಯಲ್ಲ ಸರ್. ಸಿ, ಡಿ, ಇ ಎಂದು ಬರೆದುಕೊಂಡರೂ ತೊಂದರೆ ಅದೇ. ಅಕ್ಷರ ಬರೆದ ಕೂಡಲೇ ಕಣ್ಣು ಅಕ್ಷರವನ್ನು ಓದುತ್ತದೆ, ಗೆರೆಯನ್ನು ಓದುವುದಿಲ್ಲ. ಮೂರು ವರ್ಷ ಹಾಗೆ ನುಡಿಸಿದವರು ಮೂರು ವರ್ಷ ಕನ್ನಡವನ್ನು ಓದಿರುತ್ತಾರೆಯೇ ಹೊರತು ಐದು ಗೆರೆಗಳ ಸ್ವರಲಿಪಿಯಾದ ಸ್ಟಾಫ್ ನೊಟೇಶನ್ನನ್ನು ಓದಿರುವುದಿಲ್ಲ.

ಸರಿಗಮಕ್ಕೆ ಇನ್ನೊಂದು ತೊಡಕಿದೆ. ನಮ್ಮ ಷಡ್ಜ ಹಾಡುವವರ ಶ್ರುತಿಗೆ ತಕ್ಕಂತೆ ಜಾಗ ಬದಲಿಸುತ್ತದೆ. ಸಿ ಮೇಜರ್‌ನಲ್ಲಿ ಸಿ ಎಂಬುದು ಸ. ಜಿ ಮೇಜರ್‌ಗೆ ಬಂದರೆ ಜಿ ಸ ಆಗಿ, ಅದೇ ಸಿ ಮ ಆಗುತ್ತದೆ. ಕಿವಿಗೆ ಇದು ಬಹಳ ಒಳ್ಳೆಯದು, ಯಾವ ಸ್ವರಕ್ಕೆ ಯಾವ ಸಂಬಂಧ ಎಂಬುದು ತಿಳಿಯುತ್ತದೆ. ಆದರೆ ಗೆರೆಯ ಮೇಲಿನ ಚುಕ್ಕೆಯಿಂದ ಕೀ ಕಡೆಗೆ ನೇರವಾಗಿ ಕೈ ಹೋಗಬೇಕಾದಾಗ, ಒಂದೇ ಕೀಗೆ ಪುಟಕ್ಕೊಂದು ಹೆಸರಾದರೆ ಕೈ ತಡವರಿಸುತ್ತದೆ.

ನಿಜವಾಗಿ ಓದುವವರು ಹೆಸರನ್ನೇ ಹೇಳಿಕೊಳ್ಳುವುದಿಲ್ಲ, ಅಂತರವನ್ನು ನೋಡುತ್ತಾರೆ. ಗೆರೆಯ ಮೇಲಿನ ಸ್ವರದಿಂದ ಪಕ್ಕದ ಗೆರೆಯ ಮೇಲಿನ ಸ್ವರಕ್ಕೆ ಹೋದರೆ ಅದು ಯಾವಾಗಲೂ ಮೂರನೆಯದು. ಅಂದರೆ ನಡುವೆ ಒಂದು ಬಿಳಿ ಕೀ ಬಿಟ್ಟು ಮುಂದಿನದು. ಒಂದು ಗೆರೆ ಬಿಟ್ಟು ಹೋದರೆ ಐದನೆಯದು, ಹೆಬ್ಬೆರಳಿನಿಂದ ಕಿರುಬೆರಳಿಗೆ ಸರಿಯಾಗಿ ಕೂರುವ ಅಳತೆ. ಗೆರೆಯಿಂದ ಗೆರೆಗೆ ಅಥವಾ ಸಂದಿನಿಂದ ಸಂದಿಗೆ ಹೋಗುವುದೆಲ್ಲ ಮೂರು, ಐದು, ಏಳು. ಗೆರೆಯಿಂದ ಸಂದಿಗೆ ಹೋಗುವುದೆಲ್ಲ ಎರಡು, ನಾಲ್ಕು, ಆರು, ಎಂಟು. ಇಷ್ಟು ತಿಳಿದರೆ ಪ್ರತಿ ಸ್ವರವನ್ನೂ ಎಣಿಸುವ ಕೆಲಸವೇ ಇಲ್ಲ, ಮೊದಲನೆಯದೊಂದು ಗೊತ್ತಾದರೆ ಸಾಕು. ಅದಕ್ಕೆ ಮೂರು ಗುರುತುಗಳು: ಮೇಲಿನ ಸಾಲಿನ ಚಿಹ್ನೆಯಾದ ಟ್ರೆಬಲ್ ಕ್ಲೆಫ್ ಸುತ್ತಿಕೊಂಡಿರುವ, ಕೆಳಗಿನಿಂದ ಎರಡನೆಯ ಗೆರೆ ಜಿ; ಕೆಳಗಿನ ಸಾಲಿನ ಚಿಹ್ನೆಯಾದ ಬೇಸ್ ಕ್ಲೆಫ್‌ನ ಎರಡು ಚುಕ್ಕೆಗಳ ನಡುವಿನ, ಕೆಳಗಿನಿಂದ ನಾಲ್ಕನೆಯ ಗೆರೆ ಎಫ್; ಎರಡೂ ಸಾಲುಗಳ ನಡುವಿನ ಪುಟ್ಟ ಗೆರೆಯ ಮೇಲೆ ಮಿಡಲ್ ಸಿ. ಮಿಡಲ್ ಸಿಯಿಂದ ಆ ಜಿ ಮೇಲಕ್ಕೆ ಐದನೆಯದು, ಆ ಎಫ್ ಕೆಳಕ್ಕೆ ಐದನೆಯದು. ಕನ್ನಡಿಯಲ್ಲಿ ಕಂಡಂತೆ.

ಸಾನ್ ಹೋಸೆಯಿಂದ ಒಬ್ಬರು

ನನ್ನ ಅನುಭವದಲ್ಲಿ ಕರ್ನಾಟಕ ಸಂಗೀತದವರ ದೊಡ್ಡ ಶತ್ರು ನಮ್ಮ ನೆನಪಿನ ಶಕ್ತಿಯೇ. ನಾವು ಬಾಯಿಪಾಠದಲ್ಲಿ ಬೆಳೆದವರು. ಗುರುಗಳು ಎರಡು ಬಾರಿ ಹಾಡಿದರೆ ಮೂರನೆಯ ಬಾರಿ ನಾವು ಹೇಳಬೇಕು, ಪುಸ್ತಕ ಮನೆಗೆ ಹೋಗಿ ಮರೆತರೆ ನೋಡಿಕೊಳ್ಳಲು ಮಾತ್ರ. ಆ ಅಭ್ಯಾಸ ಪಿಯಾನೊ ಮುಂದೆ ಕುಳಿತಾಗಲೂ ಬಿಡುವುದಿಲ್ಲ. ಒಂದು ಪಾಠವನ್ನು ಎರಡು ಬಾರಿ ನುಡಿಸುವಷ್ಟರಲ್ಲಿ ಕಿವಿಗೆ ಬಂದುಬಿಡುತ್ತದೆ, ಆಮೇಲೆ ಕಣ್ಣು ಪುಟದ ಮೇಲಿದ್ದರೂ ಓದುತ್ತಿರುವುದಿಲ್ಲ. ನನ್ನ ಶಿಕ್ಷಕಿ ಒಂದು ದಿನ ನಾನು ನುಡಿಸುತ್ತಿದ್ದಾಗ ಯಾವುದೋ ಬಾರಿನ ಮೇಲೆ ಬೆರಳಿಟ್ಟು, "ಇಲ್ಲಿಂದ ನುಡಿಸು" ಎಂದರು. ನನಗೆ ಆ ಜಾಗ ಎಲ್ಲಿದೆಯೆಂಬುದೇ ತಿಳಿಯಲಿಲ್ಲ, ಮೊದಲಿನಿಂದಲೇ ಆರಂಭಿಸಬೇಕಾಯಿತು. ಅಂದು ನನಗೆ ನಿಜವಾಗಿ ನಾಚಿಕೆಯಾಯಿತು.

ಅವರು ಕೊಟ್ಟ ಮದ್ದು ಬಹಳ ಸರಳವಾದದ್ದು. ನನ್ನ ಮಟ್ಟಕ್ಕಿಂತ ಎರಡು ಗ್ರೇಡು ಕೆಳಗಿನ ಪುಸ್ತಕಗಳನ್ನು ತಂದು, ಪ್ರತಿದಿನ ಹೊಸ ಎಂಟು ಬಾರುಗಳನ್ನು ಓದಬೇಕು, ಒಂದೇ ಬಾರಿ ನುಡಿಸಬೇಕು, ಪುಟ ತಿರುವಿಬಿಡಬೇಕು. ಎರಡನೆಯ ಬಾರಿ ನುಡಿಸಿದರೆ ಅದು ಓದುವುದಲ್ಲ, ನೆನಪು. ಹಂಗೇರಿಯ ರಚನಕಾರ ಬಾರ್ಟೋಕ್‌ನ ಆರು ಸಂಪುಟಗಳ "ಮೈಕ್ರೊಕಾಸ್ಮೋಸ್"ನ ಮೊದಲ ಭಾಗ ಇದಕ್ಕೆ ಬಹಳ ಉಪಯೋಗವಾಯಿತು. ಒಟ್ಟು 153 ಪುಟ್ಟ ರಚನೆಗಳಲ್ಲಿ ಆರಂಭದವುಗಳಲ್ಲಿ ಎರಡು ಕೈಗಳೂ ಒಂದೇ ರಾಗವನ್ನು ನುಡಿಸುತ್ತವೆ. ಕೇಳಲು ನಮ್ಮ ಕಿವಿಗೆ ಅಷ್ಟು ಪರಿಚಿತವಲ್ಲದ ರಾಗಗಳು, ಆದ್ದರಿಂದ ಮುಂದೇನು ಬರಬಹುದೆಂದು ಊಹಿಸಿ ನುಡಿಸಲಾಗುವುದಿಲ್ಲ. ಪುಟ ನೋಡಲೇಬೇಕು.

ಅವರು ಇನ್ನೊಂದನ್ನೂ ಮಾಡುತ್ತಿದ್ದರು. ನಾನು ನುಡಿಸುತ್ತಿರುವ ಬಾರನ್ನೇ ಒಂದು ರಟ್ಟಿನ ತುಂಡಿನಿಂದ ಮುಚ್ಚಿಬಿಡುತ್ತಿದ್ದರು. ಕಣ್ಣು ಮುಂದಿನ ಬಾರಿಗೆ ಹೋಗದೆ ಬೇರೆ ದಾರಿಯೇ ಇರುತ್ತಿರಲಿಲ್ಲ.

ಧಾರವಾಡದ ಓದುಗ

ಹಾಗಾದರೆ ಬಾಯಿಪಾಠದವರಿಗೆ ಇದು ಬರುವುದೇ ಇಲ್ಲ ಎಂದಾಯಿತೇ? ಜಯಚಾಮರಾಜ ಒಡೆಯರು 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಎಂಬ ಅರ್ಹತೆ ಪಡೆದ ಪಿಯಾನೊ ವಾದಕರು, ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದವರೂ ಅವರೇ. ಎರಡೂ ಒಬ್ಬರಲ್ಲೇ ಇತ್ತಲ್ಲ.

ಸಾನ್ ಹೋಸೆಯಿಂದ ಒಬ್ಬರು

ಬರುವುದಿಲ್ಲ ಎಂದು ನಾನು ಹೇಳಲಿಲ್ಲ ಸರ್, ನನಗೇ ಬಂದಿದೆ. ಆದರೆ ನೀವು ಕೊಟ್ಟ ಉದಾಹರಣೆ ನನ್ನ ಮಾತಿಗೇ ಹತ್ತಿರವಾಗಿದೆ. ಒಡೆಯರಿಗೆ ಪಾಶ್ಚಾತ್ಯ ಸಂಗೀತ ಮೊದಲು ಬಂತು. ಕರ್ನಾಟಕ ಸಂಗೀತದ ಗಂಭೀರ ಅಭ್ಯಾಸವೂ ಕೃತಿರಚನೆಯೂ ಆಮೇಲಿನವು. ನಮ್ಮದು ತಿರುವುಮುರುವಾದ ದಾರಿ. ಅವರಿಗೆ ಓದುವುದನ್ನು ಕಲಿತ ಮೇಲೆ ಬಾಯಿಪಾಠ, ನಮಗೆ ಬಾಯಿಪಾಠವಾದ ಮೇಲೆ ಓದು.

ಮೃದಂಗದ ವಿದ್ಯಾರ್ಥಿ, ಶಿವಮೊಗ್ಗ

ನಮ್ಮ ಕಡೆಯವರಿಗೆ ಒಂದು ಅನುಕೂಲವೂ ಇದೆಯೆಂಬುದನ್ನು ಮರೆಯಬಾರದು. ಹಾಡುತ್ತ ಕೈಯಲ್ಲಿ ತಾಳ ಹಾಕಿದವರಿಗೆ ಒಳಗೆ ಎಣಿಕೆ ಓಡುತ್ತಲೇ ಇರುತ್ತದೆ. ಸರಳೆ ವರಸೆಯನ್ನು ಮೂರು ಕಾಲಗಳಲ್ಲಿ ಹಾಡುವಾಗ ಕೈ ಒಂದೇ ವೇಗದಲ್ಲಿದ್ದು ಬಾಯಿ ಎರಡರಷ್ಟು, ನಾಲ್ಕರಷ್ಟು ಓಡುತ್ತದಲ್ಲ, ಎಡಗೈ ನಿಧಾನವಾಗಿ ಬಲಗೈ ವೇಗವಾಗಿ ನುಡಿಸುವುದು ಅದೇ ಲೆಕ್ಕ. ಮೂಲ ಪ್ರಶ್ನೆ ಕೇಳಿದವರು ಎಂಟು ವರ್ಷ ಅದನ್ನೇ ಮಾಡಿದ್ದಾರೆ. ಎಡಗೈಗೆ ತಾಳದ ಕೆಲಸ ಕೊಟ್ಟು ನೋಡಲಿ.

ಪಿಯಾನೊ ಶಿಕ್ಷಕ, ಬೆಂಗಳೂರು

ಇದು ನನಗೂ ಹೊಳೆದಿರಲಿಲ್ಲ. ನಾಳೆಯೇ ಪಾಠದಲ್ಲಿ ಬಳಸುತ್ತೇನೆ.

ಮೇಡಂ, ಆ ಅರ್ಧ ನಿಮಿಷದ ಬಗ್ಗೆ ಒಂದೆರಡು ಮಾತು. ಅದು ಸ್ವರ ಎಣಿಸುವ ಸಮಯವಲ್ಲ. ಕೀ ಸಿಗ್ನೇಚರ್ (ಯಾವ ಸ್ಕೇಲು ಎಂಬ ಗುರುತು), ಟೈಮ್ ಸಿಗ್ನೇಚರ್ (ಬಾರಿಗೆ ಎಷ್ಟು ಎಣಿಕೆ ಎಂಬ ಗುರುತು) ನೋಡಿ, ಎರಡು ಕೈಗಳ ಮೊದಲ ಸ್ವರವನ್ನು ಹುಡುಕಿ ಬೆರಳಿಟ್ಟುಕೊಂಡು, ಆಮೇಲೆ ನೇರವಾಗಿ ಅತ್ಯಂತ ಕಷ್ಟವಾಗಿ ಕಾಣುವ ಬಾರಿಗೆ ಹೋಗಿ ಅದನ್ನೊಮ್ಮೆ ನುಡಿಸಿ ನೋಡಿ. ಆ ವೇಳೆಯಲ್ಲಿ ನುಡಿಸಿ ನೋಡಲು ಅವಕಾಶವಿದೆ, ಎಷ್ಟೋ ಮಕ್ಕಳು ಸುಮ್ಮನೆ ಕೈಕಟ್ಟಿ ಕೂರುತ್ತಾರೆ. ಯಾವ ವೇಗದಲ್ಲಿ ಆರಂಭಿಸಬೇಕೆಂಬುದನ್ನೂ ಆ ಕಷ್ಟದ ಬಾರೇ ನಿರ್ಧರಿಸಲಿ, ಸುಲಭವಾದ ಮೊದಲ ಬಾರಲ್ಲ.

ಮೈಸೂರಿನ ವಿದ್ಯಾರ್ಥಿನಿ (ಐದು ವಾರಗಳ ನಂತರ)

ಎಲ್ಲರಿಗೂ ಉತ್ತರಿಸಲು ತಡವಾಯಿತು, ಕ್ಷಮಿಸಿ. ಮೊದಲು ಒಂದು ರಬ್ಬರ್ ಕೊಂಡು ಮೂರು ಪುಸ್ತಕಗಳ ಸರಿಗಮವನ್ನೆಲ್ಲ ಅಳಿಸಿದೆ. ಅಳಿಸಿದ ಮೇಲೆ ಬಾಯಿಗೆ ಬಂದಿದ್ದ ಪಾಠಗಳೂ ಅಪರಿಚಿತವಾಗಿ ಕಂಡವು. ಸಾನ್ ಹೋಸೆಯವರು ಹೇಳಿದ ನಾಚಿಕೆ ನನಗೂ ಆಯಿತು.

ಎಡಗೈಗೆ ತಾಳದ ಕೆಲಸ ಕೊಟ್ಟದ್ದು ಎಲ್ಲಕ್ಕಿಂತ ಹೆಚ್ಚು ಉಪಯೋಗವಾಯಿತು. ಮಿನುಯೆಟ್‌ನ ಮೊದಲ ಸಾಲನ್ನು ಕೂಡುವ ಜಾಗಗಳಲ್ಲಿ ಮಾತ್ರ ನುಡಿಸುತ್ತ ಬಂದೆ, ನಾಲ್ಕನೆಯ ದಿನ ಎಡಗೈ ತಾನಾಗಿ ಕಾದು ನಿಂತಿತು. ಜೋರಾಗಿ ಒತ್ತುವುದು ಮಾತ್ರ ಇನ್ನೂ ಪೂರ್ತಿ ಹೋಗಿಲ್ಲ.

ಓದುವುದು ನಿಧಾನ. ಬೆಳಿಗ್ಗೆ ಎಂಟು ಬಾರು, ಒಂದೇ ಬಾರಿ, ಪುಟ ತಿರುವುವುದು. ಮೊದಲ ವಾರ ಎಂಟರಲ್ಲಿ ಎರಡು ಬಾರಾದರೂ ಕುಸಿಯುತ್ತಿತ್ತು. ಈಗ ಸ್ವರ ತಪ್ಪುತ್ತದೆ, ನಿಲ್ಲುವುದಿಲ್ಲ. ಟ್ರೆಬಲ್ ಕ್ಲೆಫ್‌ನಲ್ಲಿ ಅಂತರಗಳು ಕಾಣತೊಡಗಿವೆ, ಬೇಸ್ ಕ್ಲೆಫ್‌ನಲ್ಲಿ ಇನ್ನೂ ಎಣಿಸುತ್ತಿದ್ದೇನೆ. ಅದಕ್ಕೆ ಮಾತ್ರ ಬೇರೆ ಅಭ್ಯಾಸವೇನಾದರೂ ಇದೆಯೇ?

ಚರ್ಚ್ ಆರ್ಗನ್ ನುಡಿಸುವವರು, ಮಂಗಳೂರು

ಇದೆ. ಯಾವುದಾದರೂ ಕೀರ್ತನೆ ಪುಸ್ತಕ ಸಿಕ್ಕಿದರೆ ಮೇಲಿನ ಸಾಲನ್ನು ಕಾಗದದಿಂದ ಮುಚ್ಚಿ, ಬೇಸನ್ನು ಮಾತ್ರ ಎಡಗೈಯಿಂದ ನುಡಿಸುತ್ತ ಹೋಗಿ. ದಿನಕ್ಕೊಂದು ಕೀರ್ತನೆ ಸಾಕು. ರಾಗ ನಿಮಗೆ ಗೊತ್ತಿದ್ದರೆ ಮೇಲಿನದನ್ನು ಬಾಯಲ್ಲಿ ಹಾಡಿಕೊಳ್ಳಿ. ಹಾಡುವವರಿಗೆ ಅದು ಕಷ್ಟವಾಗಬಾರದು.

ಮೈಸೂರಿನ ವಿದ್ಯಾರ್ಥಿನಿ

ಪಕ್ಕದ ಬೀದಿಯ ಗೆಳತಿಯ ಮನೆಯಲ್ಲಿ ಹಳೆಯದೊಂದು ಕೀರ್ತನೆ ಪುಸ್ತಕವಿದೆ. ಇಂದು ಸಂಜೆಯೇ ಹೋಗಿ ತರುತ್ತೇನೆ.